ನಾಲ್ಕನೆಯ ದೀಪ

ನನ್ನಿಂದಲೇ ಇರಬಹುದೇ? ನನ್ನೊಬ್ಬನಿಂದಲೇ ಎಂದು ಹೇಗೆ ಹೇಳುವುದು? ಮನೆಯಲ್ಲಿ ನಾಲ್ಕು ಜನ ಇದ್ದೇವೆ, ಯಾರ ಹೊಟ್ಟೆಯಲ್ಲಿ ಏನಿದೆಯೋ. ಅಮ್ಮನದಿರಬಹುದು. ಅಮ್ಮನ ವಯಸ್ಸಿಗೆ ಎಷ್ಟೆಲ್ಲ ಒಳಗೆ ಸೇರಿಕೊಂಡಿರುತ್ತದೆ. ಅಣ್ಣನದಿರಬಹುದು. ಇತ್ತೀಚೆಗೆ ಅವನು ಅಂಗಡಿಗೆ ಹೊರಡುವಾಗ ಸಿಳ್ಳೆ ಹಾಕುತ್ತಾನೆ. ನಲವತ್ತೇಳು ವರ್ಷದ ಗಂಡಸು ಬೆಳಿಗ್ಗೆ ಆರಕ್ಕೆ ಸಿಳ್ಳೆ ಹಾಕುತ್ತಾನೆಂದರೆ ಅದರ ಹಿಂದೆ ಏನೋ ಇರಲೇಬೇಕು. ಆದರೆ ನನ್ನದೇ ಇದ್ದರೆ? ಹೀಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಾನು ಕಂಪ್ಯೂಟರಿನ ಮುಂದೆ ನಿಂತಿದ್ದೆ. ಪರದೆಯ ಮೇಲೆ ಸಂಪರ್ಕ ಇಲ್ಲವೆಂಬ ಸಾಲು. ಪಕ್ಕದ ಕರಿ ಡಬ್ಬಿಯ ನಾಲ್ಕು ದೀಪಗಳಲ್ಲಿ ಮೊದಲನೆಯದು ಮಾತ್ರ ಉರಿಯುತ್ತಿತ್ತು. ಅದು ಕರೆಂಟಿನ ದೀಪ, ಅದಕ್ಕೆ ನಾಚಿಕೆಯಿಲ್ಲ, ಯಾರ ಮನೆಯಲ್ಲಾದರೂ ಉರಿಯುತ್ತದೆ. ಉಳಿದ ಮೂರು ಸತ್ತುಹೋಗಿದ್ದವು, ನಾಲ್ಕನೆಯದೂ ಹತ್ತಿದರೆ ಮಾತ್ರ ನೆಟ್.

ಗಂಟೆ ಎರಡೂ ಕಾಲು. ಸರಿಯಾಗಿ ನಾಲ್ಕಕ್ಕೆ ಅತ್ತಿಗೆ ಆ ಪರದೆಯ ಮುಂದೆ ಕೂತು ದೂರದ ಊರಿನ ಮೂವರು ಪರೀಕ್ಷಕರಿಗೆ ತಮ್ಮ ಎಂ.ಎ. ಪ್ರಬಂಧದ ಬಗ್ಗೆ ಉತ್ತರ ಹೇಳಬೇಕಿತ್ತು. ಈಗಾಗಲೇ ಎರಡು ಸಲ ನೆಟ್ ಕೈಕೊಟ್ಟು ಮೌಖಿಕ ಪರೀಕ್ಷೆ ತಪ್ಪಿಹೋಗಿತ್ತು. ಮೂರನೆಯ ಸಲವೂ ತಪ್ಪಿದರೆ ನೋಂದಣಿ ರದ್ದು. ಮತ್ತೆ ಮೊದಲ ವರ್ಷದಿಂದ ಶುರು ಮಾಡಬೇಕು. ಅತ್ತಿಗೆ ಇಂದುಮತಿಗೆ ಆಗ ನಲವತ್ತೊಂದು. ಮತ್ತೆ ಮೊದಲಿಂದ ಶುರು ಮಾಡುವುದಿಲ್ಲ, ಪುಸ್ತಕವನ್ನೆಲ್ಲ ಅಟ್ಟಕ್ಕೆ ಹಾಕುತ್ತೇನೆ ಎಂದು ಅವರು ಹಿಂದಿನ ವಾರವೇ ಊಟದ ಮಧ್ಯೆ ತಣ್ಣಗೆ ಹೇಳಿದ್ದರು. ಅದು ಬೆದರಿಕೆಯಾಗಿರಲಿಲ್ಲ, ಅನ್ನ ಬಡಿಸುತ್ತ ಹೇಳಿದ ಮಾತು.

ನಮ್ಮೂರಲ್ಲಿ, ಮನೆಯೊಳಗಿರುವ ಒಬ್ಬರು ಅದೇ ಮನೆಯಲ್ಲಿರುವ ಇನ್ನೊಬ್ಬರಿಗೆ ಹೇಳಬೇಕಾದ್ದನ್ನು ಹೇಳದೆ ಇಟ್ಟುಕೊಂಡರೆ ನೆಟ್ ಬರುವುದಿಲ್ಲ. ಬೇರೆ ಊರುಗಳಲ್ಲಿ ಹೇಗೋ ನನಗೆ ತಿಳಿಯದು. ಸಣ್ಣಪುಟ್ಟ ಗುಟ್ಟನ್ನು ಒಂದೊಂದು ಸಲ ವರ್ಷಗಟ್ಟಲೆ ತಡೆದುಕೊಳ್ಳುತ್ತದೆ, ಯಾವ ದಿನ ಕೈಕೊಡುತ್ತದೆಂದು ಮಾತ್ರ ಹೇಳಲಾಗದು. ಇಲ್ಲಿ ಹೊಸದಾಗಿ ಮದುವೆಯಾದವರಿಗೆ ಒಂದು ವರ್ಷ ಸಂಪರ್ಕವನ್ನೇ ಕೊಡುವುದಿಲ್ಲ, ಅರ್ಜಿಯಲ್ಲೇ ಆ ಷರತ್ತು ಅಚ್ಚಾಗಿದೆ. ಗಾಣಿಗರ ಬೀದಿಯಲ್ಲಿ ಇಬ್ಬರು ವಾರಗಿತ್ತಿಯರು ಬೆಳಕು ಹರಿದಾಗಿನಿಂದ ಜಗಳವಾಡುತ್ತಾರೆ, ಒಂದು ಮಾತನ್ನೂ ಉಳಿಸಿಕೊಳ್ಳುವುದಿಲ್ಲ. ಅವರ ಮನೆಯಲ್ಲಿ ನೆಟ್ ಗಾಳಿಯ ಹಾಗೆ ಓಡುತ್ತದೆ. ಅರ್ಜಿ ತುಂಬುವವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು ಅಲ್ಲಿಗೇ ಹೋಗುತ್ತಾರೆ. ಅತ್ತಿಗೆಯೂ ಹೋಗಬಹುದಿತ್ತು, ಆದರೆ ಪರೀಕ್ಷೆಗೆ ನಮ್ಮ ಮನೆಯ ಕಂಪ್ಯೂಟರನ್ನೇ ನೋಂದಾಯಿಸಿತ್ತು. ಮನೆಯಿಂದ ಆಚೆ ಹೋದವರ ಗುಟ್ಟು ಲೆಕ್ಕಕ್ಕೆ ಬರುವುದಿಲ್ಲ, ನಿಜ. ಹೊಸ್ತಿಲು ದಾಟಿ ನೀರಿನ ಟ್ಯಾಂಕಿನ ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಹೋಗಿ ಕೂತರೆ ಆಯಿತು. ಆದರೆ ಆ ಬೆಂಚಿನ ಮೇಲೆ ಕೂತವನ ಹೊಟ್ಟೆಯಲ್ಲಿ ಏನೋ ಇದೆಯೆಂದು ಇಡೀ ಬೀದಿಗೆ ಗೊತ್ತಾಗುತ್ತದೆ. ಮಾನವಂತರು ಹೇಳಿಬಿಡುತ್ತಾರೆ. ಉಳಿದವರು ಬೆಂಚಿಗೆ ಹೋಗುತ್ತಾರೆ.

ಎರಡೂವರೆಗೆ ಲೈನ್‌ಮ್ಯಾನ್ ಪುಟ್ಟಶಾಮಯ್ಯನವರು ಮೊಪೆಡ್ಡಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ, ಹನ್ನೊಂದು ವರ್ಷದ ಸರ್ವೀಸು. ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟು, ಅಮ್ಮ ಕೊಟ್ಟ ಕಾಫಿಯನ್ನು ಊದಿದರು.

"ಯಾರಿಂದ ಶುರು ಮಾಡೋಣ?" ಎಂದರು.

"ಎಲ್ರೂ ಬೆಂಚಿಗೆ ಹೋಗ್ಬಿಟ್ರೆ ಹೇಗೆ?" ಎಂದ ಅಣ್ಣ. ಅಣ್ಣ ಮಹಾಬಲನಿಗೆ ತಕ್ಕಡಿ ರಿಪೇರಿಯ ಅಂಗಡಿ. ಎಲ್ಲದಕ್ಕೂ ಹತ್ತಿರದ ದಾರಿ ಹುಡುಕುವುದು ಅವನ ಸ್ವಭಾವ.

"ಬೆಂಚಿಗೆ ಹೋಗ್ತಾನಂತೆ," ಎಂದಳು ಅಮ್ಮ. "ಈ ಮನೆಯೋರು ಇಲ್ಲೀವರೆಗೂ ಯಾರೂ ಆ ಬೆಂಚಿನ ಮೇಲೆ ಕೂತಿಲ್ಲ. ಕೂತ್ಕೊಳ್ಳಪ್ಪ ಸುಮ್ನೆ. ನಾನೇ ಹೇಳ್ತೀನಿ, ನಂದೇ ಇರ್ಬೇಕು."

ಅವಳ ದನಿಯಲ್ಲಿ ಸಂಕೋಚಕ್ಕಿಂತ ಹೆಮ್ಮೆ ಹೆಚ್ಚಾಗಿತ್ತು. ಸೆರಗು ಸರಿಮಾಡಿಕೊಂಡು, ನೀರು ಕುಡಿದು, ಅಡುಗೆಮನೆಯ ದೊಡ್ಡ ಸ್ಟೀಲ್ ಡಬರಿಯ ಕಡೆ ಬೆರಳು ತೋರಿಸಿದಳು.

"ಅದು ನಮ್ದಲ್ಲ."

ಎಲ್ಲರ ತಲೆಯೂ ಡಬರಿಯ ಕಡೆ ತಿರುಗಿತು.

"ಯಾವ್ದೋ ಮದುವೆ ಛತ್ರದಲ್ಲಿ ನಮ್ ಡಬರಿ ಅನ್ಕೊಂಡು ತಂದ್ಬಿಟ್ಟೆ. ಮನೆಗ್ ಬಂದು ನೋಡ್ತೀನಿ, ಬೇರೆ ಯಾರದ್ದೋ ಹೆಸರು. ವಾಪಸ್ ಕೊಡೋಣ ಅಂದ್ರೆ ಯಾರಿಗ್ ಕೊಡ್ಲಿ? ಚಾಕು ತಗೊಂಡು ಹೆಸರು ಕೆರೆದ್ಹಾಕ್ದೆ. ಇಷ್ಟೇ."

ಇದು ಇಷ್ಟೇ ಆಗಿರಲಿಲ್ಲ. ಅತ್ತಿಗೆಯ ಪ್ರಬಂಧ ಪಾತ್ರೆಗಳ ಮೇಲೆ ಕೊರೆಸಿದ ಹೆಸರುಗಳ ಬಗ್ಗೆ. ಯಾರು ಯಾರಿಗೆ ಯಾವಾಗ ಕೊಟ್ಟರೆಂದು ಲೋಟದ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬರೆದಿರುತ್ತದಲ್ಲ, ಅದು. ಮೂರು ವರ್ಷ ನಾವಿಬ್ಬರೂ ಮನೆಮನೆಗೆ ಹೋಗಿ ಪಾತ್ರೆ ತಿರುವಿ ನೋಡಿ ಬರೆದುಕೊಂಡಿದ್ದೆವು. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದವನು. ಸಂಜೆ ಆರಕ್ಕೆ ಅತ್ತಿಗೆ ಮೇಜಿನ ಬಳಿಯಿಂದ "ಕಂಠಿ, ಬಾ" ಎಂದು ಕರೆಯುತ್ತಿದ್ದರು, ಎಂಟರ ತನಕ ಬರೆಯುತ್ತಿದ್ದೆವು. ನಾಲ್ಕನೆಯ ಅಧ್ಯಾಯ ಪೂರ್ತಿ, ಹನ್ನೊಂದು ಪುಟ, ಈ ಡಬರಿಯ ಮೇಲಿನ ಅಳಿಸಿದ ಹೆಸರಿನ ಕುರಿತು. ಒಬ್ಬ ಹೆಂಗಸಿನ ಹೆಸರನ್ನು ಅವಳ ಮನೆತನವೇ ಅಳಿಸಿಹಾಕಿದ ಕುರುಹು ಇದು ಎಂದು ಅದರಲ್ಲಿ ವಾದ ಮಾಡಿತ್ತು. ಆ ಊಹೆ ನನ್ನದು. 'ಕೆರೆದ ಜಾಗದ ಮೌನ' ಎಂಬ ಮಾತೂ ನನ್ನದೇ. ಅದನ್ನು ಬರೆದ ದಿನ ನನಗೆ ನಿದ್ದೆ ಬಂದಿರಲಿಲ್ಲ.

"ಅತ್ತೆ," ಎಂದರು ಅತ್ತಿಗೆ ನಿಧಾನವಾಗಿ, "ನಾಲ್ಕನೇ ಅಧ್ಯಾಯ ಪೂರ್ತಿ ಆ ಡಬರಿ ಮೇಲೆ ನಿಂತಿದೆ."

"ನಿಂತಿರ್ಲಿ ಬಿಡೇ. ಗಟ್ಟಿ ಡಬರಿ ಅದು."

ಅತ್ತಿಗೆ ಸೋಫಾದ ಮೇಲೆ ಹಾಗೇ ಒರಗಿ ನಗತೊಡಗಿದರು. ಪರೀಕ್ಷೆಗೆಂದು ಇಸ್ತ್ರಿ ಮಾಡಿಸಿದ ಸೀರೆ ಮುದುಡುತ್ತಿರುವುದೂ ಅವರ ಗಮನಕ್ಕೆ ಬರಲಿಲ್ಲ. "ಮೌನವಂತೆ ಕಂಠಿ, ಮೌನ. ಚಾಕು ತಗೊಂಡು ಕೆರೆದಿದ್ದಾರೆ," ಎಂದು ಕಣ್ಣೊರೆಸಿಕೊಂಡರು. ನಾನೂ ನಗಲು ನೋಡಿದೆ.

ಪುಟ್ಟಶಾಮಯ್ಯನವರು ಕತ್ತು ಹೊರಳಿಸಿ ಡಬ್ಬಿಯನ್ನು ನೋಡಿದರು. ಎರಡನೆಯ ದೀಪ ಅಲುಗಲೂ ಇಲ್ಲ. "ಇಷ್ಟು ದೊಡ್ಡದು ಬಿದ್ರೆ ಎರಡನೇದಾದ್ರೂ ಮಿಣುಕ್ ಅನ್ಬೇಕಿತ್ತು," ಎಂದು ಹುಬ್ಬು ಗಂಟಿಕ್ಕಿದರು. "ಒಳಗೆ ಇದಕ್ಕಿಂತ ಭಾರಿದು ಇದೆ. ಯಜಮಾನ್ರೇ, ನೀವು."

ಅಣ್ಣ ಮೀಸೆ ನೀವಿಕೊಂಡ. "ನಾನು ಮೀಸೆಗೆ ಬಣ್ಣ—"

"ಅದು ಎಲ್ರಿಗೂ ಗೊತ್ತು. ಹೋದ ಸಲಾನೂ ಅದನ್ನೇ ಹೇಳಿದ್ರಿ. ಗೊತ್ತಿರೋದನ್ನ ಹೇಳಿದ್ರೆ ಲೈಟ್ ಅಲ್ಲಾಡಲ್ಲ ಸ್ವಾಮಿ."

ಅಣ್ಣ ಕಿಟಕಿಯ ಹೊರಗೆ ನೋಡಿದ. ಅವನ ಕಿವಿ ಕೆಂಪಾಗಿತ್ತು. "ನಾನು ಬೆಳಿಗ್ಗೆ ಆರಕ್ಕೆ ಅಂಗಡಿಗೆ ಹೋಗ್ತಿಲ್ಲ."

ಅತ್ತಿಗೆಯ ನಗು ನಿಂತಿತು. ನನ್ನ ಎದೆಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಒಂದು ಆಸೆ ಚಿಗುರಿತು: ಅವನದೇ ಆಗಿರಲಿ.

"ಮತ್ತೆಲ್ಲಿಗೆ ಹೋಗ್ತಿದೀರ?"

"ಈಜು ಕಲಿಯೋಕೆ."

"ಏನು?"

"ಈಜು, ಇಂದು. ಕಲ್ಯಾಣಿಗೆ. ನಾಲ್ಕು ತಿಂಗಳಾಯ್ತು. ಸೊಂಟಕ್ಕೆ ಒಂದು ಹಳದಿ ಟ್ಯೂಬ್ ಕಟ್ಕೋತೀನಿ. ಕಲಿಸೋಳು ಆರನೇ ಕ್ಲಾಸು. ನಾನು ಕಾಲು ಬಡಿಯೋದು ನೋಡಿ ದಿನಾ ಬೈತಾಳೆ. ಮೊನ್ನೆ ಟ್ಯೂಬ್ ಇಲ್ದೆ ಎಂಟು ಮಾರು ಹೋದೆ." ಕೊನೆಯ ಮಾತು ಹೇಳುವಾಗ ಅವನ ಮುಖ ಅರಳಿತು.

"ಅದಕ್ಕೇ ನಿಮ್ಮ ಟವೆಲ್ ಒಣಗೋದೇ ಇಲ್ವಲ್ಲ ಅಂತಿದ್ದೆ," ಎಂದರು ಅತ್ತಿಗೆ. "ನನಗ್ಯಾಕೆ ಹೇಳ್ಲಿಲ್ಲ?"

"ನೀನು ಓದ್ತಿದೀಯಲ್ಲ. ನಂಗೂ ಏನಾದ್ರೂ ಕಲೀಬೇಕು ಅನ್ಸ್ತು. ಆಗದೆ ಹೋದ್ರೆ ನಗ್ತೀಯ ಅಂತ."

"ಎಂಟು ಮಾರಾ?"

"ಎಂಟೂವರೆ."

ಅತ್ತಿಗೆ ಎದ್ದು ಹೋಗಿ ಅವನ ಮೀಸೆಯನ್ನು ಎಲ್ಲರ ಎದುರೇ ಒಂದು ಸಲ ಎಳೆದರು. ಅಮ್ಮ "ನಿನ್ನ ಅಪ್ಪಂಗೆ ಬಕೆಟ್ ನೀರು ಕಂಡ್ರೂ ಭಯ ಇತ್ತಲ್ಲೋ" ಎಂದು ಹಣೆ ಚಚ್ಚಿಕೊಂಡು ನಕ್ಕಳು. ಪುಟ್ಟಶಾಮಯ್ಯನವರೂ ನಕ್ಕರು, ಆದರೆ ಕಣ್ಣು ಡಬ್ಬಿಯ ಮೇಲೇ ಇತ್ತು. ಏನೂ ಇಲ್ಲ. ಮೂರು ಗಂಟೆ ಹೊಡೆಯಿತು.

"ಹಾಗಾದ್ರೆ ನಂದೇ," ಎಂದರು ಅತ್ತಿಗೆ. ಅವರು ಗಂಡನ ಪಕ್ಕದಲ್ಲೇ ನಿಂತಿದ್ದರು. "ಹೋದ ಎರಡು ಸಲ ನೆಟ್ ಹೋಗಿರ್ಲಿಲ್ಲ. ನಾನೇ ಸ್ವಿಚ್ ಆರಿಸ್ದೆ."

ಅಣ್ಣ ಮೀಸೆಯಿಂದ ಕೈ ತೆಗೆದ. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

"ಹೆದರಿಕೆ. ಆ ಮೂರು ಮುಖ ಪರದೆ ಮೇಲೆ ಬರುತ್ತಲ್ಲ, ಬಂದ ತಕ್ಷಣ ಕಾಲ್ಬೆರಳಲ್ಲಿ ಸ್ವಿಚ್ ಒತ್ಬಿಟ್ಟೆ. ಎರಡನೇ ಸಲಾನೂ. ಅಡುಗೆಮನೇಲಿ ಪಾತ್ರೆ ತೊಳೆಯೋಳು ಪಾತ್ರೆ ಬಗ್ಗೆ ಏನು ಹೇಳ್ತಾಳೆ ಅಂತ ಅವ್ರು ಕೇಳಿದ್ರೆ? ಆದ್ರೆ ಈ ಸಲ ಆರ್ಸಲ್ಲ. ಈ ಸಲ ಕೂರ್ಬೇಕು ಅಂತ ಇದೀನಿ." ಅವರು ಕೊನೆಯ ವಾಕ್ಯವನ್ನು ನಮಗಲ್ಲ, ಕಂಪ್ಯೂಟರಿಗೆ ಹೇಳಿದಂತಿತ್ತು.

ಮೊದಲು ಚೇತರಿಸಿಕೊಂಡವಳು ಅಮ್ಮ. "ತಡಿ. ಹೋದ ಸಲ ನೆಟ್ ಹೋಯ್ತು ಅಂತ ಎರಡು ದಿನ ಕೂತು ನಾವೆಲ್ಲ ಬಾಯಿ ಬಿಟ್ವಲ್ಲ. ನಾನು ನನ್ನ ತಂಗಿ ವಿಷಯ ಎಲ್ಲ ಹೇಳ್ಬಿಟ್ನಲ್ಲ. ಅದೆಲ್ಲ ದಂಡಾನಾ?"

"ದಂಡ, ಅತ್ತೆ."

"ಅಯ್ಯೋ ನಿನ್ನ. ವಾಪಸ್ ತಗೊಳ್ಳೋಕೂ ಆಗಲ್ವಲ್ಲೇ." ಎಂದು ಅಮ್ಮ ಅತ್ತಿಗೆಯ ಬೆನ್ನಿಗೆ ಗುದ್ದಿದಳು, ಗುದ್ದಿದ ಕೈಯಲ್ಲೇ ತಬ್ಬಿಕೊಂಡಳು. ಮನೆಯೊಳಗೆ ಒಂದು ಹಗುರತನ ತುಂಬಿತ್ತು, ಛಾವಣಿ ಮೇಲಕ್ಕೆದ್ದ ಹಾಗೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಣ್ಣ ಗಾಳಿಯಲ್ಲಿ ಕೈ ಬೀಸಿ ಈಜು ತೋರಿಸುತ್ತಿದ್ದ. ದೀಪ ಮಾತ್ರ ಹತ್ತಲಿಲ್ಲ.

ಪುಟ್ಟಶಾಮಯ್ಯನವರು ನನ್ನ ಕಡೆ ತಿರುಗಿದರು. "ಚಿಕ್ಕೋರೇ, ಉಳಿದಿರೋರು ನೀವೊಬ್ರೆ."

ನಾನು ಗಂಟಲು ಸರಿಮಾಡಿಕೊಂಡೆ. "ಹೋದ ವಾರ ಲೈಬ್ರರಿಗೆ ಅಂತ ಹೇಳಿ ಸರ್ಕಸ್‌ಗೆ ಹೋಗಿದ್ದೆ."

"ಗೊತ್ತು," ಎಂದಳು ಅಮ್ಮ. "ಅಂಗಿ ಜೇಬಲ್ಲಿ ಟಿಕೆಟ್ ಸಿಕ್ತು."

"ಎರಡು ಸಲ ಹೋಗಿದ್ದೆ."

"ಎರಡು ಟಿಕೆಟ್ ಸಿಕ್ತು."

ಎಲ್ಲರೂ ನನ್ನ ಮುಂದಿನ ಮಾತಿಗೆ ಕಾದರು. ಬಾಯಿಯವರೆಗೆ ಬಂದದ್ದನ್ನು ನಾನು ಅಲ್ಲೇ ಹಿಡಿದೆ. ಸಣ್ಣವನಿದ್ದಾಗಿನಿಂದ ನನಗೆ ಇದು ಅಭ್ಯಾಸ. ಮಾತು ತುಟಿಗೆ ಬಂದಾಗ ಅದನ್ನು ಒಂದು ಸುತ್ತು ನೋಡಿ ವಾಪಸ್ ಕಳಿಸುತ್ತೇನೆ. ಈ ಊರಿನಲ್ಲಿ ಇದು ಒಂದು ಬಗೆಯ ಅಂಗವಿಕಲತೆ. ಗಂಟೆ ಮೂರೂವರೆಯಾಗಿತ್ತು.

"ಏನೋಪ್ಪ," ಎಂದು ಅಮ್ಮ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. "ಇವತ್ತು ಒಳ್ಳೇ ದಿನ ಅಂತ ಬೆಳಿಗ್ಗೆ ಎದ್ದು ಅಷ್ಟು ಚೆನ್ನಾಗಿ ತೊಳೆದಿಟ್ಟೆ. ಆದ್ರೂ ಹೀಗ್ ಮಾಡ್ತಲ್ಲ ಇದು."

ಪುಟ್ಟಶಾಮಯ್ಯನವರು ತಲೆ ಎತ್ತಿದರು. "ಏನ್ ತೊಳೆದ್ರಿ ತಾಯಿ?"

"ಡಬ್ಬಿ ಒರೆಸ್ದೆ. ಕುಂಕುಮ ಇಟ್ಟೆ. ಹಿಂದ್ಗಡೆ ವೈರ್ ಇದೆಯಲ್ಲ, ಅದರ ತುದೀಲಿ ಪುಟ್ಟ ಪುಟ್ಟ ಹಿತ್ತಾಳೆ ಹಲ್ಲು. ಕಪ್ಪಗಾಗಿತ್ತು. ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿ, ನೀರಲ್ಲಿ ತೊಳೆದು, ಮತ್ತೆ ಸಿಗಿಸ್ದೆ. ಫಳಫಳ ಅಂತಿತ್ತು."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಅಮ್ಮ?" ಎಂದ ಅಣ್ಣ.

"ಅದನ್ನೇನು ಮುಚ್ಚಿಟ್ಟಿದ್ನಾ? ಬಾಗಿಲು ತೆಗೆದಿಟ್ಕೊಂಡೇ ಉಜ್ಜಿದ್ದು. ನೀವು ಕೇಳಿದ್ದು ಮುಚ್ಚಿಟ್ಟಿದ್ದನ್ನ."

ಅವಳ ಮಾತು ಸರಿಯಿತ್ತು. ನಮ್ಮೂರಲ್ಲಿ ನೆಟ್ ಹೋದರೆ ವೈರ್ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಲೈನ್‌ಮ್ಯಾನ್‌ಗೂ. ಪುಟ್ಟಶಾಮಯ್ಯನವರು ಎದ್ದು, ಡಬ್ಬಿಯ ಹಿಂದೆ ಮಂಡಿಯೂರಿ, ವೈರ್ ಕಿತ್ತು ತುದಿಯನ್ನು ಮೂಸಿ ನೋಡಿದರು. "ಸಾರಿನ ವಾಸನೆ," ಎಂದರು. ಆಮೇಲೆ ಕೈಚೀಲದಿಂದ ಇಕ್ಕಳ ತೆಗೆದರು. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿತ್ತು. ಹಲ್ಲಿನಿಂದ ಕಚ್ಚಿ ಹರಿದರು. ತುದಿಯನ್ನು ಕತ್ತರಿಸಿ ಹೊಸ ಕೊಂಡಿ ಹಾಕಿ ಅದುಮಿದರು. "ಹನ್ನೊಂದು ವರ್ಷಕ್ಕೆ ಇದೇ ಮೊದ್ಲು ನಾನು ವೈರ್ ಮುಟ್ತಿರೋದು," ಎಂದು ಅರ್ಧ ನಾಚಿಕೊಂಡು, ಅರ್ಧ ಪುಳಕಗೊಂಡು ಹೇಳಿದರು.

ಕೊಂಡಿ ಟಿಕ್ ಎಂದು ಕೂತಿತು. ಎರಡನೆಯ ದೀಪ ಹತ್ತಿತು. ಮೂರನೆಯದು ಹತ್ತಿತು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ನಾನಲ್ಲ. ನನ್ನಿಂದಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಬರೀ ಹುಣಸೆಹಣ್ಣಾಗಿತ್ತು. ನಾನು ಅಮ್ಮನ ಎರಡೂ ಕೈ ಹಿಡಿದು ಹಾಲಿನಲ್ಲಿ ಒಂದು ಸುತ್ತು ತಿರುಗಿದೆ. ಅವಳು "ಬಿಡೋ, ತಲೆ ತಿರುಗುತ್ತೆ" ಎನ್ನುತ್ತಲೇ ಇನ್ನೊಂದು ಸುತ್ತು ಬಂದಳು. ಅಣ್ಣ ನೆಲದ ಮೇಲೆ ಅಡ್ಡಬಿದ್ದು ಎಂಟೂವರೆ ಮಾರು ಈಜಿದ. ಇಪ್ಪತ್ತೇಳು ವರ್ಷದಲ್ಲಿ ನಾನು ಕುಣಿದದ್ದು ಅದೊಂದೇ ಸಲ. ಅತ್ತಿಗೆ ಕನ್ನಡಿಯ ಮುಂದೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಬೊಟ್ಟು ಇಟ್ಟುಕೊಂಡು, ಕುರ್ಚಿಯಲ್ಲಿ ಕೂತು, ಕಾಲನ್ನು ಸ್ವಿಚ್ಚಿನಿಂದ ದೂರಕ್ಕೆ ಎಳೆದುಕೊಂಡರು. ಆಮೇಲೆ ಡಬ್ಬಿಯನ್ನು ನೋಡಿದರು.

ನಾಲ್ಕನೆಯ ದೀಪ ಹತ್ತಿರಲಿಲ್ಲ.

ಮೂರು ಗಂಟೆ ಐವತ್ತೊಂದು ನಿಮಿಷ. ಪುಟ್ಟಶಾಮಯ್ಯನವರು ವೈರನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿ, ಎದ್ದು ನಿಂತು, ನೆಲ ನೋಡತೊಡಗಿದರು. ಅದು ಅವರ ಕಸುಬಿನ ಮರ್ಯಾದೆ. "ವೈರ್ ಸರಿಯಾಗಿದೆ," ಎಂದರು ಮೆಲ್ಲಗೆ. "ಮನೇಲಿ ಇನ್ನೂ ಒಂದು ಇದೆ."

ಅಮ್ಮ ಖಾಲಿಯಾಗಿದ್ದಳು. ಅಣ್ಣ ಖಾಲಿಯಾಗಿದ್ದ. ಅತ್ತಿಗೆಯ ಮುಖ ತೊಳೆದ ತಟ್ಟೆಯ ಹಾಗಿತ್ತು. ಒಬ್ಬೊಬ್ಬರಾಗಿ ಮೂವರೂ ನನ್ನ ಕಡೆ ನೋಡಿದರು.

"ಹೇಳು ಕಂಠಿ," ಎಂದರು ಅತ್ತಿಗೆ. "ಏನಿದ್ರೂ ಪರವಾಗಿಲ್ಲ. ನಾನು ತಡ್ಕೋತೀನಿ."

ಅವರು ತಡೆದುಕೊಳ್ಳುತ್ತಿದ್ದರು, ನನಗೆ ಗೊತ್ತು. ಹೇಳಿಬಿಟ್ಟರೆ ದೀಪವೂ ಹತ್ತುತ್ತಿತ್ತು. ಆದರೆ ಆಮೇಲೆ ಆ ಮೂರು ಮುಖಗಳು ಪರದೆಯ ಮೇಲೆ ಬಂದಾಗ ನನ್ನ ಮಾತೂ ಅತ್ತಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು. ಕುತ್ತಿಗೆಯ ಹತ್ತಿರ ಸೆರಗಿನ ಪಿನ್ನು ಅವರ ಉಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು. ಎಂಟು ನಿಮಿಷ ಉಳಿದಿತ್ತು.

"ನಾನು ಸ್ವಲ್ಪ ಆಚೆ ಹೋಗಿರ್ತೀನಿ," ಎಂದೆ.

"ಬೆಂಚಿಗಾ?" ಅಮ್ಮನ ದನಿ ಒಡೆಯಿತು. "ಬೇಡ ಕಣೋ. ಇಲ್ಲೇ ಹೇಳ್ಬಿಡೋ. ನಮ್ಮೆದುರು ಹೇಳೋಕಾಗದ್ದು ಏನಿರುತ್ತೋ ನಿನಗೆ?"

"ಅತ್ತಿಗೆ, ಡಬರಿ ವಿಷಯ ಕೇಳಿದ್ರೆ ನಿಜಾನೇ ಹೇಳಿ," ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿದೆ. ಬೀದಿ ಅಗಲವಾಗಿ ಕಂಡಿತು. ಎದುರು ಮನೆಯ ಕಿಟಕಿಯ ಪರದೆ ಸರಿಯಿತು.

ಬೆಂಚು ನಮ್ಮ ಕಿಟಕಿಯಿಂದ ಹತ್ತೇ ಹೆಜ್ಜೆ. ಅದರ ಮೇಲೆ ಮೂವರಿದ್ದರು. ನಿವೃತ್ತ ಹೆಡ್‌ಮಿಸ್ ಸುಂದರಾಬಾಯಿ ಉಲ್ಲನ್ ಹೆಣೆಯುತ್ತಿದ್ದರು. ಅವರ ಮಗಳ ಮನೆಯಲ್ಲಿ ಯಾರಾದರೂ ನೆಟ್ ಹಾಕಿದಾಗಲೆಲ್ಲ ಅವರು ಇಲ್ಲಿರುತ್ತಾರೆ, ಒಂಬತ್ತು ವರ್ಷದಿಂದ. ಇನ್ನಿಬ್ಬರು ಗಂಡಸರು ಕಡಲೆಕಾಯಿ ಸುಲಿಯುತ್ತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಮೂವರೂ ಒಂದೊಂದು ಗೇಣು ಸರಿದು ಜಾಗ ಮಾಡಿದರು.

"ಮೊದಲನೇ ಸಲಾನಾ?" ಎಂದರು ಸುಂದರಾಬಾಯಿ, ಹೆಣಿಗೆಯಿಂದ ಕಣ್ಣೆತ್ತದೆ.

"ಹೂಂ ಮಿಸ್."

"ಇನ್ನರ್ಧ ಗಂಟೆಗೆ ಬಿಸಿಲು ಆ ಕಡೆ ಹೋಗುತ್ತೆ."

ಅಷ್ಟೇ ಮಾತು. ಅಂಥ ಒಳ್ಳೆಯ ಮೌನದಲ್ಲಿ ನಾನು ಅದಕ್ಕೆ ಮೊದಲು ಕೂತಿರಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡು, ಎರಡೂ ತೋಳುಗಳನ್ನು ಮೇಲೆತ್ತಿ, ನೀರಿಗೆ ಹಾರುವವನ ಹಾಗೆ ನಿಂತ. ದೀಪ ಹತ್ತಿತ್ತು. ಪಕ್ಕದವರು ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದರು.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅತ್ತಿಗೆಯ ದನಿ ಕೇಳಿತು. ಮೊದಲು ಮೆಟ್ಟಿಲು ಹುಡುಕುವ ದನಿ, ಆಮೇಲೆ ನೆಲ ಸಿಕ್ಕಿದ ದನಿ. ನಡುವೆ ಯಾರೋ ಏನೋ ಕೇಳಿದರು. ಅತ್ತಿಗೆ ಹೇಳಿದರು: "ನಾಲ್ಕನೇ ಅಧ್ಯಾಯ ತಪ್ಪು ಸರ್. ನನಗೂ ಇವತ್ತು ಮಧ್ಯಾಹ್ನ ಮೂರಕ್ಕೇ ಗೊತ್ತಾಗಿದ್ದು. ಅದನ್ನ ಕೆರೆದೋರು ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ, ಬೇಕಾದ್ರೆ ಕೇಳಿ." ಆಮೇಲೆ ಅಮ್ಮನ ದನಿ, ಚಾಕು, ಛತ್ರ, ಹೊಸದಾಗಿ ಸೇರಿಸಿದ ಎರಡು ಸಂಗತಿಗಳು. ಆಮೇಲೆ ಪರದೆಯ ಆ ಕಡೆಯಿಂದ ಮೂವರು ಅಪರಿಚಿತರ ನಗು, ಅವರ ಹಿಂದೆ ಅತ್ತಿಗೆಯ ನಗು. ಪಾತ್ರೆಯ ಮೇಲಿನ ಹೆಸರಿಗಿಂತ ಆ ಹೆಸರಿನ ಸುತ್ತ ಮನೆಯವರು ಕಟ್ಟಿಕೊಳ್ಳುವ ಕಥೆಯೇ ತಮ್ಮ ನಿಜವಾದ ವಿಷಯವೆಂದು ಅತ್ತಿಗೆ ಹೇಳುತ್ತಿದ್ದರು. ಅದನ್ನು ನಾವಿಬ್ಬರೂ ಎಂದೂ ಬರೆದಿರಲಿಲ್ಲ. ಕೂತಲ್ಲೇ ಅವರಿಗೆ ಹೊಳೆದಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಅತ್ತಿಗೆ ಬರಿಗಾಲಲ್ಲಿ ಬೀದಿಗೆ ಓಡಿಬಂದರು. "ಆಯ್ತು ಕಂಠಿ, ಆಯ್ತು. ಪಾಸು. ನಾಲ್ಕನೇ ಅಧ್ಯಾಯ ಮಾತ್ರ ತಿದ್ದಿ ಕೊಡ್ಬೇಕಂತೆ, ನಾನೇ ಬರೀತೀನಿ ಅಂದೆ," ಎಂದರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಸುಂದರಾಬಾಯಿಯವರ ಉಲ್ಲನ್ ಉಂಡೆ ಉರುಳಿ ಚರಂಡಿಯವರೆಗೆ ಹೋಯಿತು, ಅತ್ತಿಗೆಯೇ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದರು. ನಾನು ಗಟ್ಟಿಯಾಗಿ ನಕ್ಕೆ. ನಿಜವಾದ ನಗುವೇ ಅದು. ಅವರು ಉಂಡೆ ಕೊಟ್ಟು ನನ್ನ ಕಡೆ ತಿರುಗಿ, ಮುಖವನ್ನು ಒಂದು ಗಳಿಗೆ ನೋಡಿ, ಏನೂ ಕೇಳದೆ, "ಬಾ, ಕಾಫಿ ಆರುತ್ತೆ," ಎಂದರು.

ಮುಂದಿನ ತಿಂಗಳು ನಾನು ಮಾರ್ಕೆಟ್ ರಸ್ತೆಯಲ್ಲಿ ಒಂದು ರೂಮು ಮಾಡಿಕೊಂಡೆ. ಒಬ್ಬನೇ ಇರುವ ಮನೆಯಲ್ಲಿ ನಾಲ್ಕೂ ದೀಪ ಚೆನ್ನಾಗಿ ಉರಿಯುತ್ತವೆ. ಆ ಪರೀಕ್ಷೆಯ ದಿನ ಬೆಳಿಗ್ಗೆ ಅತ್ತಿಗೆಯ ಕಾಗದಗಳನ್ನು ಜೋಡಿಸಿಡುವಾಗ, ಅವರು ಪಾಸಾಗದಿರಲಿ, ಎಲ್ಲ ಮತ್ತೆ ಮೊದಲ ವರ್ಷದಿಂದ ಶುರುವಾಗಲಿ, ಸಂಜೆ ಆರಕ್ಕೆ ಆ ಮೇಜಿನ ಬಳಿ ನನ್ನ ಅಗತ್ಯ ಇನ್ನೂ ಮೂರು ವರ್ಷ ಇರಲಿ ಎಂದು ನಾನು ಮನಸಾರೆ ಬಯಸಿದ್ದೆ. ಅದನ್ನು ನಾನು ಅತ್ತಿಗೆಗೆ ಎಂದೂ ಹೇಳಲಿಲ್ಲ.